ಮೊದಲು ತಿಂದವರು ಯಾರು

ಸಂತೆಯ ದಿನ. ಸಿದ್ದಾಪುರದ ನನ್ನ ಅಂಗಡಿಯಲ್ಲಿ
ಕಾಲಿಡಲು ಜಾಗವಿಲ್ಲ.
ಕಾಫಿ ಕೊಯ್ಲಿನ ಕೂಲಿ ಕೈಗೆ ಬಂದಿದೆ:
ಬಲ್ಬು, ಟಾರ್ಚು, ಚಾರ್ಜರು, ಮೂರು ಮೀಟರು ವೈರು,
ಎಲ್ಲರಿಗೂ ಈಗಲೇ ಬೇಕು.

ಆ ನೂಕಿನಲ್ಲಿ ಚೋಮಿ
ಗೋಣಿಚೂರಿನ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.
ಒಳಗೆ ನಾನೇ ಮಾರಿದ, ನೀರು ಕಾಯಿಸುವ ರಾಡು.
ಹಿಡಿ ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು.
"ಹೊಡೀತು ಕಾಕಾ" ಎಂದಳು. ಅಷ್ಟೇ.
ಬಾಣಂತಿ ಮಗಳಿಗೆ ನೀರು ಕಾಯಿಸಲು ಹೋದವಳು
ಹಲಗೆಯ ಮೇಲೆ ನಿಂತಿದ್ದಳಂತೆ,
ಲೈನುಮನೆಯ ಬಚ್ಚಲ ನೆಲ ಕೊರೆಯುತ್ತದೆಂದು.
ಚಳಿಗೆ ಹೆದರಿದ್ದಕ್ಕೆ ಬದುಕಿಕೊಂಡಳು.

ನಾನು ಮೊದಲು ಹೇಳಿದ್ದು (ನಾಚಿಕೆಯಾಗುತ್ತದೆ)
"ನೀರು ಕಮ್ಮಿ ಇತ್ತೇನೋ."
ಆಮೇಲೆ ಹೇಳಿದ್ದು, "ಗುರುತಿತ್ತಲ್ಲ ಅದರ ಮೇಲೆ."

ಇತ್ತು. ಕನ್ನಡಕ ಏರಿಸಿ ನೋಡಿದೆ.
ಐ, ಎಸ್, ಐ. ಮೂರಕ್ಷರ, ಸುತ್ತ ಚೌಕಟ್ಟು.
ನೆತ್ತಿಯ ಮೇಲಿರಬೇಕಾದ ಸಂಖ್ಯೆ ಇಲ್ಲ.
ಬುಡದಲ್ಲಿ ಲೈಸೆನ್ಸಿನ ಅಂಕಿಗಳ ಸಾಲಿಲ್ಲ.
ಈ ಸೀಮೆಯಲ್ಲಿ ಹೆಸರು ಹೇಳಿದವನಿಗೆ
ನೀರು ಕೊಡುವ ಮೊದಲೇ ಕೇಳುತ್ತೇವೆ: ಯಾವ ಮನೆಯವ?
ಒಕ್ಕದ ಹೆಸರು ಬಾಯಿಗೆ ಬಾರದವನನ್ನು
ಎರಡು ಸಲ ನೋಡುತ್ತೇವೆ.
ರಾಡಿಗೆ ಮಾತ್ರ ನಾನದನ್ನು ಕೇಳಿರಲಿಲ್ಲ.
ಗೋಣಿಕೊಪ್ಪದ ಏಜೆಂಟು ಅರ್ಧ ಬೆಲೆ ಹೇಳಿದ್ದ.

ಚೋಮಿಗೆ ಓದು ಬಾರದು. ಗುರುತು ಬರುತ್ತದೆ.
ಕಕ್ಕಡದಲ್ಲಿ ನಮ್ಮ ಮನೆಗೆ ಅಣಬೆ ತರುವವಳು ಅವಳೇ.
ಒಂದೇ ಹುತ್ತದ ಪಕ್ಕ ಎರಡು ಕೊಡೆ;
ಒಂದು ಊಟ, ಒಂದು ಹೆಣ.
ಕೊಡೆಯ ಅಡಿಯ ಬಣ್ಣ, ಕಾಲಿನ ಬಳೆ, ಮಣ್ಣೊಳಗಿನ ಗಡ್ಡೆ
ಎಲ್ಲ ತಿರುಗಿಸಿ ನೋಡಿಯೇ ಬುಟ್ಟಿಗೆ ಹಾಕುತ್ತಾಳೆ.
ನಾವು ಕೇಳದೆ ತಿನ್ನುತ್ತೇವೆ.

ಗುರುತಿನ ವಿಷಯ ನಾನು ಬಿಡಿಸಿ ಹೇಳಿದ ಮೇಲೆ
ಅವಳು ಕೇಳಿದಳು,
"ಇದನ್ನ ಮೊದಲು ತಿಂದವರು ಯಾರು ಕಾಕಾ?"

ಅರ್ಥವಾಗಲಿಲ್ಲ.
"ಯಾವ ಅಣಬೆಯನ್ನಾದ್ರೂ ಯಾರೋ ಒಬ್ಬರು ಮೊದಲು ತಿಂದಿರ್ತಾರೆ.
ಬದುಕಿದ್ರೆ ಅಜ್ಜಿ ಹೇಳ್ತಾಳೆ.
ಸತ್ರೂ ಅಜ್ಜಿ ಹೇಳ್ತಾಳೆ.
ಇದನ್ನ ಯಾರು?"

ಮೂವತ್ತೊಂದು ವರ್ಷ ಈ ಗಲ್ಲಾದ ಹಿಂದೆ ಕೂತವನು ನಾನು.
"ಸರ್ಕಾರದ ಮುದ್ರೆ" ಎಂದು ಮಾರಿದ್ದೆ,
ಅದರ ಹಿಂದೆ ಒಂದು ಕೋಣೆಯಿದೆ ಎಂದು ಎಣಿಸಿರಲಿಲ್ಲ.
ಎಲ್ಲೋ ಒಬ್ಬಳು ಬಕೆಟ್ಟಿಗೆ ನೀರು ತುಂಬುತ್ತಾಳೆ,
ಇರಬಾರದಷ್ಟು ಕರೆಂಟು ಹರಿಸುತ್ತಾಳೆ,
ಕೆಂಡವಾದ ತಂತಿಯನ್ನು ಹಿಡಿಗೆ ಒತ್ತಿ
ಉರಿಯುತ್ತದೋ, ಆರುತ್ತದೋ, ಕಾಯುತ್ತಾಳೆ,
ಸೋರಿದ್ದನ್ನು ಅಳೆದು ಬರೆಯುತ್ತಾಳೆ.
ಪಾಲಿಬೆಟ್ಟದ ಹಾದಿ ಅವಳಿಗೆ ಗೊತ್ತಿಲ್ಲ.
ಚೋಮಿಗಿಂತ ಮೊದಲು ಅವಳು ತಿಂದಿರುತ್ತಾಳೆ.

ಕಪಾಟಿನಿಂದ ಬೇರೆ ರಾಡು ತೆಗೆದೆ. ಮೇಲೆ ಸಂಖ್ಯೆ, ಕೆಳಗೆ ಅಂಕಿ.
ಚೋಮಿ ಅಂಕಿಗಳ ಮೇಲೆ ಉಗುರಾಡಿಸಿದಳು,
ಕೆರೆದರೆ ಏಳುತ್ತದೋ ಎಂದು.
ಅಂಗಡಿಯ ಹುಡುಗ ಜುನೈದ್ ಮೊಬೈಲಿನಲ್ಲಿ ಒತ್ತಿದ:
ಕಂಪನಿಯ ಹೆಸರು, ಊರು, ಯಾವ ತಾರೀಕಿನವರೆಗೆ,
ಎಲ್ಲ ಬಂತು.
"ಮನೆ ಸಿಕ್ತು" ಎಂದಳು, ಗೋಣಿಯಲ್ಲಿ ಸುತ್ತಿಕೊಂಡಳು.
ದುಡ್ಡು ಬೇಡವೆಂದೆ.
ಬೇಡವೆಂದದ್ದಕ್ಕೆ ಅವಳೇನೂ ಹಿಗ್ಗಲಿಲ್ಲ.

ಅಟ್ಟದಲ್ಲಿ ಇನ್ನೂ ಹನ್ನೊಂದಿವೆ.
ಏಜೆಂಟು ಫೋನು ಎತ್ತುತ್ತಿಲ್ಲ.
ಒಂದಕ್ಕೆ ನೂರ ಎಂಬತ್ತರಂತೆ
ಎಷ್ಟಾಯಿತೆಂದು ಎರಡು ಸಲ ಕೂಡಿದೆ. ಎಸೆಯಲಿಲ್ಲ.

ನಿನ್ನೆ ರಾತ್ರಿ ಒಂದನ್ನು ಇಳಿಸಿದೆ.
ನನ್ನದೇ ಬಚ್ಚಲು, ನನ್ನದೇ ಬಕೆಟ್ಟು,
ಹಲಗೆಯ ಮೇಲೆ ರಬ್ಬರು ಚಪ್ಪಲಿಯಲ್ಲಿ ನಿಂತು
ಸ್ವಿಚ್ಚು ಒತ್ತಿದೆ.
ನೀರು ಸಣ್ಣಗೆ ಹಾಡತೊಡಗಿತು.
ಒಂದು ಬೆರಳು. ಒಂದೇ ಬೆರಳು ಅದ್ದಿದ್ದರೆ ಸಾಕಿತ್ತು.

ಆವಿ ಕನ್ನಡಕ ಮುಚ್ಚುವವರೆಗೆ ನಿಂತಿದ್ದೆ.
ಕೈ ಹಿಂದಕ್ಕೆ ಕಟ್ಟಿಕೊಂಡಿತ್ತು, ತಾನಾಗಿ.
ಬೆಳಗಾಗುತ್ತಲೇ ಅಟ್ಟಕ್ಕೆ ಏಣಿ ಹಾಕಿ
ಹನ್ನೊಂದು ವೈರನ್ನೂ ಬುಡದಲ್ಲಿ ಕತ್ತರಿಸಿದೆ.