ಒಂದು ‘ಕ್ಷ’ ಕಡಿಮಿ

ಪಂಚಾಂಗದ ಕೆಲಸ ಬಂತಂದ್ರ ಮೊದಲು ತೀರೋದು ‘ಕ್ಷ’.
ಪಕ್ಷ, ನಕ್ಷತ್ರ, ದಕ್ಷಿಣಾಯನ, ಅಕ್ಷತದಿಗಿ:
ಹತ್ತು ಪುಟ ಕಟ್ಟೂದ್ರಾಗ ಖಾನೆ ಖಾಲಿ.
ಜೋರಾಪುರ ಪೇಟೆಯ ಇನ್ನೊಂದು ಪ್ರೆಸ್ಸಿಗೆ ಓಡಬೇಕು,
ಒಂದು ಮುಷ್ಟಿ ಕ್ಷ ಕಡ ತರಬೇಕು,
ಅಂಗೈಯಾಗ ಸೀಸದ ತಂಪು.

ಮೊಳೆ ಜೋಡಿಸೋದು ಉಲ್ಟಾ, ಕನ್ನಡಿಯೊಳಗಿನ ಅಕ್ಷರ.
ಹಿಂಗಾಗಿ ವರ್ಷ ನನಗ ಬೆನ್ನಿನ ಕಡೆಯಿಂದ ಗೊತ್ತು.
ಯುಗಾದಿಗಿ ಇನ್ನೂ ಆರು ತಿಂಗಳು ಇರೂವಾಗ
ನನ್ನ ಬೆರಳು ನಾಗಪಂಚಮಿ ದಾಟಿ,
ಎಳ್ಳಮಾಸಿ ಚರಗ ಚೆಲ್ಲಿ ಬಂದಿರತಿತ್ತು.

ಹೊಸದಾಗಿ ಸೇರಿದ ವರ್ಷ
ಭಾದ್ರಪದದ ಕೃಷ್ಣಪಕ್ಷ ಕಟ್ಟಾಕ ಹತ್ತಿದ್ದೆ.
ಸೋಮವಾರ ಅಷ್ಟಮಿ. ಮಂಗಳವಾರ ದಶಮಿ.
ನವಮಿ ಇಲ್ಲ!
ಬಿತ್ತು ಎಲ್ಲೋ, ಅಂತ ಬಗ್ಗಿ ಹುಡುಕಿದೆ
ಕೇಸಿನ ಕೆಳಗ, ಮಷೀನಿನ ಗ್ರೀಸಿನಾಗ, ಚಪ್ಪಲಿ ತಳದಾಗ.

ಪ್ರೂಫ್ ನೋಡಾಕ ಬಂದ ಬಿಂದಾಚಾರ್ಯರು
ಅಡಕಿ ಒಂದು ದವಡಿಗೆ ಸರಿಸಿ ನಕ್ಕರು:
‘ಬಿದ್ದಿಲ್ಲೋ ಲಾಡ್ಲೇಸಾಬ. ಸೂರ್ಯ ಹುಟ್ಟಿದ ಮ್ಯಾಲೆ ಬಂತು,
ಮರುದಿನ ಅವ ಹುಟ್ಟೂದ್ರೊಳಗ ಹೋತು.
ಉದಯ ಕಾಣದ ತಿಥಿಗೆ ವಾರ ಸಿಗೂದಿಲ್ಲ.
ಅದು ಕ್ಷಯ.’

‘ಹಂಗಾದ್ರ ಎರಡು ಉದಯ ಕಂಡದ್ದು?’
‘ಅದು ವೃದ್ಧಿ. ಅದಕ್ಕ ಎರಡು ದಿನ.’
ನಾ ಸಾವಕಾರರ ಕಡೆ ನೋಡಿದೆ. ಅವರು ಆಗಲೇ
ಪಗಾರದ ಬುಕ್ಕು ಮುಚ್ಚಿ ಮ್ಯಾಲೆ ಕನ್ನಡಕ ಇಟ್ಟಿದ್ದರು.

ಅರವತ್ತು ಘಳಿಗಿ ದಿನ, ಅರವತ್ತು ವಿಘಳಿಗಿ ಘಳಿಗಿ.
ಚಂದ್ರ ಮಾತ್ರ ಯಾರ ಗಡಿಯಾರದ ಆಳೂ ಅಲ್ಲ,
ಒಮ್ಮೆ ಓಡತಾನ, ಒಮ್ಮೆ ಚಾ ಕುಡಕೋತ ನಿಲ್ಲತಾನ.
ನಮ್ಮ ಮನ್ಯಾಗೂ ಅವನೇ ತಿಂಗಳು ಹೇಳಾವ.
ಇವರು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಹಾಕಿ
ಅವನ್ನ ಸೂರ್ಯನ ಹೆಜ್ಜಿಗೆ ತಂದು ಕಟ್ಟತಾರ;
ನಮ್ಮ ರಮಜಾನ ಫಕೀರನ ಹಂಗ
ಬ್ಯಾಸಗಿ, ಮಳಿ, ಥಂಡಿ, ಎಲ್ಲರ ಬಾಗಲಕ್ಕೂ ಬರತೈತಿ.

ಮೂರನೇ ವರ್ಷ, ಉಪಲಿ ಬುರುಜಿನ ಬಾಜೂ ನಮ್ಮ ಖೋಲಿಯಾಗ
ಮಗ್ರಿಬ್ ಆದ ಮ್ಯಾಲೆ ಒಂದು ಕೂಸು ಹುಟ್ಟಿತು.
ಫಜರ್ ಬಾಂಗು ಅದು ಕೇಳಲಿಲ್ಲ.
ಮುನಸಿಪಾಲ್ಟಿ ಗುಮಾಸ್ತ ಪೆನ್ನು ಎತ್ತಿ ಹಿಡಿದು ಕೇಳಿದ:
‘ಹುಟ್ಟು ಬರಕೊಳ್ಳಲೋ, ಸಾವು ಬರಕೊಳ್ಳಲೋ?’
ಏನಂದೆನೋ ನೆನಪಿಲ್ಲ.

ಆ ಸಲ ಮಾಘದಾಗ ಒಂದು ತಿಥಿ ಕ್ಷಯ ಇತ್ತು.
ಖಾನ್ಯಾಗ ಕ್ಷ ಇರಲಿಲ್ಲ. ನಾ ಓಡಲಿಲ್ಲ.
ಸಾಲಿನಾಗ ಬರೇ ತೆರವು ಬಿಟ್ಟು ಪ್ರೂಫ್ ಎಳೆದೆ.

ಆಚಾರ್ಯರು ಆ ತೆರವಿನ ಮ್ಯಾಲೆ ಬೆರಳಿಟ್ಟು
ಭಾಳ ಹೊತ್ತು ಸುಮ್ಮನ ಕೂತರು. ಅವರಿಗೆ ಯಾರು ಹೇಳಿದ್ದರೋ.
ಆಮ್ಯಾಲೆ ಕೆಂಪು ಶಾಯಿಲೆ ಅಂಚಿನಾಗ ಬರೆದರು:
ಶುರು ಎರಡು ಘಳಿಗಿ. ಮುಗಿದದ್ದು ಐವತ್ತೇಳು.
‘ವಾರ ಇರಲಿಕ್ಕಿಲ್ಲ. ಇದ್ದಷ್ಟು ಹೊತ್ತು ಇತ್ತಲ್ಲಪಾ,
ಅದನ್ನ ಬಿಡಬ್ಯಾಡ. ಕಟ್ಟು.’

ಪೇಟೆಗೆ ಹೋಗಿ ಒಂದೇ ಒಂದು ಮೊಳೆ ತಂದೆ.
ಕಟ್ಟಿದೆ. ಅಚ್ಚಾತು. ಯುಗಾದಿಗಿ ಮನಿ ಮನಿ ಮುಟ್ಟಿತು.

ಆ ಪ್ರೆಸ್ಸಿನ ಮುದುಕ ಎಷ್ಟೋ ವರ್ಷ
ಹಾದ್ಯಾಗ ಸಿಕ್ಕಾಗೆಲ್ಲಾ ಸೈಕಲ್ಲು ನಿಲ್ಲಿಸಿ ಕೇಳತಿದ್ದ:
‘ಒಂದು ಕ್ಷ ಕಡಿಮಿ ಬಂದೈತಲ್ಲೋ, ಲಾಡ್ಲೇಸಾಬ?’