ನಾಲ್ಕನೇ ಜ್ವರ ಬಿಟ್ಟ ಮೇಲೆ

ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳಕ್ಕೆ
ನಮ್ಮ ಮೇಲೆ ಕರುಣೆ ಇರುವುದಿಲ್ಲ.
ಬೆಳಗಿನ ನಾಲ್ಕಕ್ಕೆ ಸೊಪ್ಪು, ಹತ್ತಕ್ಕೆ ಸೊಪ್ಪು,
ಮದುವೆ ಊಟದಿಂದ ಅರ್ಧಕ್ಕೆ ಎದ್ದು ಬಂದು ಸೊಪ್ಪು.
ಹುಳಮನೆಯಲ್ಲಿ ದೀಪ ಆರಿಸಿ ಕೂತರೆ
ಕರಕರ ಕರಕರ.
ಹೊಸದಾಗಿ ಬಂದ ಅತ್ತಿಗೆ ಮಳೆಯೆಂದು
ಒಣಹಾಕಿದ ಬಟ್ಟೆ ತರಲು ಓಡಿದ್ದಳು.
ಮಳೆಯಲ್ಲಮ್ಮ, ಎಂದಳು ಪಿಳ್ಳಕ್ಕ,
ಬಿಸಿಲು ಅದು. ಬಿಸಿಲನ್ನ ಅಗಿಯೋ ಸದ್ದು.

ಪಿಳ್ಳಕ್ಕ ಓದಿದ್ದು ಮೂರನೇ ಕ್ಲಾಸು.
ನಾನು ಶಿಡ್ಲಘಟ್ಟದ ಕಾಲೇಜಿನಲ್ಲಿ
ಎಲೆಯ ಹಸಿರಿನ ಬಗ್ಗೆ ಐದು ಅಂಕಕ್ಕೆ ಬರೆದವಳು:
ನೀರು, ಗಾಳಿ, ಬೆಳಕು, ಬಾಣದ ಗುರುತು, ಸಕ್ಕರೆ.
ಆ ಬಾಣ ಎಲ್ಲಿಗೆ ಹೋಗಿ ನಾಟುತ್ತದೆಂದು
ಕೈಯಾರೆ ಮುಟ್ಟಿದ್ದು ಇಲ್ಲಿ:
ತಣ್ಣಗೆ, ಮೆತ್ತಗೆ, ಬೆರಳಷ್ಟು ಉದ್ದ,
ತಿಂದು ತಿಂದು ತೊಗಲು ಸಾಲದೆ
ನಾಲ್ಕು ಸಲ ಅಂಗಿ ಬಿಚ್ಚಿದ್ದು.

ಹತ್ತು ಹೊರೆ ಸೊಪ್ಪಿನಲ್ಲಿ ಗೂಡಾಗುವುದು ಎಷ್ಟು?
ಉಳಿದದ್ದೆಲ್ಲ ಹಿಕ್ಕೆ, ಉಸಿರು, ಹರಿದಾಟ.
ಹಿಕ್ಕೆ ತಿಪ್ಪೆಗೆ, ತಿಪ್ಪೆ ತೋಟಕ್ಕೆ.
ಉಸಿರಿನ ಕಾವು ಮಾತ್ರ
ಕಿಟಕಿಯ ಬಲೆ ದಾಟಿ ಹೊರಗೆ ಹೋದದ್ದು
ಮತ್ತೆ ಯಾರ ಕೈಗೂ ಸಿಗಲಿಲ್ಲ.
ಹೊರೆ ಹೊತ್ತ ನನ್ನ ಮೈಕಾವೂ ಅದೇ ದಾರಿ.
ಬೆಳಗ್ಗೆ ಉಂಡ ಮುದ್ದೆ ಹತ್ತೂವರೆಗೆ ಖಾಲಿ.

ಆಮೇಲೊಂದು ದಿನ ಹುಳ ಹಣ್ಣಾಗುತ್ತದೆ.
ಮೈಗೆ ಜೇನಿನ ಬಣ್ಣ. ಸೊಪ್ಪು ಮುಂದಿಟ್ಟರೂ
ತಲೆ ಎತ್ತಿ ಬೇರೆಲ್ಲೋ ನೋಟ.
ಆರಿಸಿ ಚಂದ್ರಂಕಿಗೆ ಬಿಡುತ್ತೇವೆ.
ಅಲ್ಲಿಂದ ಮುಂದೆ ಒಂದು ಚೂರೂ ತಿನ್ನದೆ
ಮೂರು ದಿನ, ಇಂಗ್ಲಿಷ್ ಎಂಟನ್ನು ತಿದ್ದುವ ಮಗುವಿನಂತೆ,
ತಲೆ ಆಡಿಸುತ್ತಾ ನೂಲುತ್ತದೆ
ಇಲ್ಲಿಂದ ಮೇನ್ ರೋಡು ಮುಟ್ಟುವಷ್ಟು ಉಗುಳು.

ಷಫೀಉಲ್ಲಾ ಸಾಬರ ಬಾಣಲೆಯಲ್ಲಿ ಗೂಡು ಬೇಯುತ್ತದೆ.
ಒಲೆಯೊಳಗಿನ ಹುಣಸೆ ಕೊರಡು
ನಮ್ಮಜ್ಜಿ ಹುಡುಗಿಯಾಗಿದ್ದಾಗಿನ ಬಿಸಿಲು.
ಎಳೆ ಬಿಚ್ಚಿದ ಮೇಲೆ ಉಳಿದ ಕಂದು ಹುಳ
ಕೋಳಿ ಮೇವಿಗೆ; ಕೋಳಿ, ಭಾನುವಾರದ ಸಾರಿಗೆ.
ಇದನ್ನು ಹೇಳಿದ ರಾತ್ರಿ ಅತ್ತಿಗೆ ಉಣ್ಣಲಿಲ್ಲ.
ಸೋಮವಾರ ಉಂಡಳು.

ಬೀಜಕ್ಕೆಂದು ಬಿಟ್ಟ ಗೂಡನ್ನು
ಮೊಟ್ಟೆ ಕೇಂದ್ರದಲ್ಲಿ ನೋಡಿದೆ.
ಒದ್ದೆ ತೂತಿನಿಂದ ಬಿಳಿ ಚಿಟ್ಟೆ,
ರೆಕ್ಕೆ ಬಡಿದರೂ ಹಾರದು,
ತಿನ್ನಲು ಬಾಯಿಯೇ ಇಲ್ಲ.
ಕೂಡಿ, ನಾನೂರು ಮೊಟ್ಟೆ ಇಟ್ಟು, ವಾರದಲ್ಲಿ ಸಾಯುವ ತನಕ
ಅದು ನಡುಗುವುದು, ನಡೆಯುವುದು, ಎಲ್ಲ
ಹುಳವಾಗಿದ್ದಾಗ ತಿಂದ ಸೊಪ್ಪಿನ ಮೇಲೆ.

ಪಿಳ್ಳಕ್ಕನಿಗೆ ಹೇಳಿದೆ.
ಕುಡುಗೋಲು ಮಸೆಯುತ್ತಿದ್ದವಳು ತಲೆ ಎತ್ತಲಿಲ್ಲ:
ಅದಕ್ಕೇ ಕಣೇ, ಜ್ವರ ಬಿಟ್ಟ ಮೇಲೆ
ಒಂದು ಹೊತ್ತೂ ತಪ್ಪಿಸಬಾರದು ಅನ್ನೋದು.
ಏಳು, ನಾಲ್ಕಾಯ್ತು.