ಮರದ ದುಡ್ಡು

"ಗೋಡೆ ಹೊಟ್ಟೆ ಬಿಟ್ಟೈತೆ ಮೌನೇಶಾ,
ಲಾಳಿ ಓಡಿದಾಗೆಲ್ಲ ಮಣ್ಣು ಉದುರ್ತೈತೆ
ಹಾಸಿನ ಮೇಲೆ."
ರುಕ್ಮಾಬಾಯಿ ಫೋನಿನಲ್ಲಿ ಇಷ್ಟೇ ಅಂದು ಇಟ್ಟಳು.

ಮಳೆಯ ಊರಲ್ಲ ನಮ್ಮ ಮೊಳಕಾಲ್ಮೂರು.
ಮೋಡ ಇಲ್ಲಿ ಅವಸರದ ನೆಂಟ,
ಚಪ್ಪಲಿ ಬಿಡದೆ
ಬಾಗಿಲಲ್ಲೇ ಮಾತಾಡಿಸಿ ಹೊರಡುತ್ತದೆ.
ಆದರೂ ಒಂದು ಕಂಬ ಕೊಳೆಯಲು
ಎಷ್ಟು ನೀರು ಬೇಕು?
ಮಾಳಿಗೆಯ ಹರನಾಳ ಸೀಳಿತ್ತು,
ಸೀಳಿನ ತುದಿಗೆ ಒಂದು ಹನಿ,
ಹನ್ನೊಂದು ವರ್ಷ.

ಬೆರಳ ಗೆಣ್ಣಿನಿಂದ ಗೋಡೆ ಬಡಿದೆ.
ತಲೆಯ ಎತ್ತರದಲ್ಲಿ ಟಣ್ ಅಂತು,
ಎದೆಯ ಹತ್ತಿರ ಡಬ್.
ಮೊಣಕಾಲಿನ ಮಟ್ಟಕ್ಕೆ ಬಂದಾಗ
ಏನೂ ಅನ್ನಲಿಲ್ಲ.

"ಮಗ್ಗ ಬಿಚ್ಚಬೇಕಾಗ್ತದೆ ಅಕ್ಕಾ."
"ಸೆರಗು ಬಾಕಿ ಐತೆ, ಎರಡೂವರೆ ಮೊಳ.
ಒಮ್ಮೆ ಬಿಚ್ಚಿದರೆ ಎಳೆ ನನ್ನ ಮಾತು ಕೇಳಲ್ಲ.
ನೀನು ನಿನ್ನ ಕಂಬ ಬಿಚ್ಕೋ."

ಹಾಸಿನ ಹಗ್ಗ ಕಟ್ಟಿದ್ದೇ ಆ ಕಂಬಕ್ಕೆ.
ತೊಲೆಗೆ ಜಾಕಿ ಕೊಟ್ಟೆ, ಪಕ್ಕದಲ್ಲೊಂದು ಆನಿಕೆ ನಿಲ್ಲಿಸಿದೆ,
ಹಗ್ಗವನ್ನು ಕಂಬದಿಂದ ಆನಿಕೆಗೆ
ಮಲಗಿದ ಮಗುವನ್ನು ತೋಳಿಂದ ತೋಳಿಗೆ ಕೊಡುವ ಹಾಗೆ.
ಅವಳು ಕುಣಿಯಲ್ಲಿ ಕೂತು, ಎಳೆಗಳ ಮೇಲೆ ಅಂಗೈ ಇಟ್ಟು
"ಇನ್ನೂ... ಇನ್ನೊಂಚೂರು... ಸಾಕು."

ಸಿಮೆಂಟಿನ ಪದರ ತಟ್ಟೆಯಂತೆ ಕಳಚಿ ಬಿತ್ತು.
ಹಿಂದೆ ಮಣ್ಣು, ಕರ್ರಗೆ, ತಣ್ಣಗೆ,
ಬೇಸಿಗೆಯ ಮಡಕೆಯ ಹಾಗೆ ಬೆವೆತು.
ಮಣ್ಣಿನ ಗೋಡೆ ಉಸಿರಾಡಿಯೇ ಒಣಗಬೇಕು,
ಅದರ ಮೂಗಿಗೆ ಯಾರೋ ಸಿಮೆಂಟು ಮೆತ್ತಿದ್ದರು.

ಯಾರೋ ಅಂದೆ ನೋಡಿ.

ಕಂಬದ ಬುಡಕ್ಕೆ ಉಳಿ ಇಟ್ಟರೆ
ಚಹಾದಲ್ಲಿ ಅದ್ದಿದ ರಸ್ಕು.
ಕೆರೆದಷ್ಟೂ ಬಂತು. ಆಮೇಲೆ ಕಬ್ಬಿಣ ತಾಗಿತು:
ಎಣ್ಣೆ ಡಬ್ಬಿಯ ತಗಡು,
ತುಕ್ಕಿನಲ್ಲಿ ಉಳಿದ ಅರ್ಧ ಸೂರ್ಯಕಾಂತಿ,
ಮೂರು ಮೊಳೆ ನೆಟ್ಟಗೆ, ನಾಲ್ಕನೆಯದು ಸೊಟ್ಟ.
ಆ ಸೊಟ್ಟ ಮೊಳೆ ನನಗೆ ಗೊತ್ತು.
ಇಪ್ಪತ್ತೆರಡು ವಯಸ್ಸು, ರಾಯದುರ್ಗದಲ್ಲಿ
ಹದಿನಾರು ಬಾಗಿಲು ಕೂರಿಸುವ ಕೆಲಸ ಕಾದಿತ್ತು.
ಕೊಳೆತದ್ದರ ಮೇಲೆ ತಗಡು ಹೊಡೆದು
ಗಾರೆಯವನಿಗೆ ನಾನೇ ಅಂದಿದ್ದೆ, "ಮೆತ್ತಿಬಿಡು."

ಹಿಂದೆ ಲಾಳಿಯ ಸದ್ದು ನಿಂತಿತು.
ನಾನು ತಿರುಗಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.
ತಗಡನ್ನು ಚೀಲಕ್ಕೆ ಹಾಕಿಕೊಂಡೆ.

ಗರಗಸದ ಹೊಟ್ಟು ಒಣಗಿ, ಬೇವಿನ ಕಹಿ
ಮೂಗಿಗೆ ಬಡಿಯುವವರೆಗೂ ಮೇಲಕ್ಕೆ ಕೊಯ್ದೆ.
ಕಹಿ ಇದ್ದಲ್ಲಿ ಮರ ಬದುಕಿರುತ್ತದೆ ಅನ್ನುತ್ತಿದ್ದ ಅಪ್ಪ.
ಕೆಳಗೆ ಹೊಸ ಕಾಲು, ಅಪ್ಪ ಎತ್ತಿಟ್ಟಿದ್ದ ಕಮರದ ತುಂಡು,
ಎರಡು ದಿನ ನನ್ನ ಬಾಚಿಯನ್ನೇ ಮೊಂಡು ಮಾಡಿತು.
ಹಲ್ಲಿಗೆ ಹಲ್ಲು ಕಚ್ಚಿಸಿ ಎರಡು ಗೂಟ ಬಡಿದೆ,
ಗೇರೆಣ್ಣೆ ಕುಡಿಸಿದೆ, ಅಡಿಗಲ್ಲನ್ನು ಒಂದು ಗೇಣು ಎತ್ತಿದೆ.
ಹರನಾಳದ ಜಾಗಕ್ಕೆ ಪೈಪು, ಗೋಡೆಯಿಂದ ಮೊಳ ಉದ್ದ ಆಚೆಗೆ.
ಕೆರೆಮಣ್ಣು, ಹೊಟ್ಟು ಕಲಸಿ ಮೆತ್ತಿ
"ಒಂದು ತಿಂಗಳು ಸುಣ್ಣ ಕೂಡ ಮುಟ್ಟಿಸಬೇಡಿ" ಅಂದೆ.

ಶುಕ್ರವಾರ ಹಗ್ಗ ತನ್ನ ಕಂಬಕ್ಕೆ ಮರಳಿತು.
ಸೆರಗಿನಲ್ಲಿ ಒಂದು ಸಾಲು ಕೊಂಚ ಸಡಿಲವಿದೆಯಂತೆ,
ಅದು ಅವಳಿಗೆ ಮಾತ್ರ ಕಾಣುತ್ತದೆ.

ಚೀಟಿ ಬರೆದು ಕೊಟ್ಟೆ: ನಾಲ್ಕು ದಿನದ ಕೂಲಿ, ಎಣ್ಣೆ, ಪೈಪು.
ಎಳೆ ಎಣಿಸುವವರ ಹಾಗೆ ಬೆರಳಿಟ್ಟು ಓದಿದಳು.
"ಮರದ ದುಡ್ಡು ಬರೆದೇ ಇಲ್ಲ?"
"ಲೆಕ್ಕ ಸರಿ ಐತೆ ಅಕ್ಕಾ."
ಕಂಬ ನೋಡಿದಳು. ನನ್ನ ಚೀಲ ನೋಡಿದಳು,
ಅದರ ಬಾಯಿಂದ ಇಣುಕುತ್ತಿದ್ದ
ತುಕ್ಕಿನ ಅರ್ಧ ಹೂವನ್ನೂ.

"ಮಳೆ ಮುಗಿದ ಮೇಲೆ ಬಂದು
ಇನ್ನೊಂದು ಸಲ ಬಡಿದು ನೋಡು" ಅಂದಳು.
"ಈಗ ಕೂತ್ಕೋ, ಚಹಾ ಆರ್ತೈತೆ."